ಕೊನೆಯ ಬೈಕಿನ ಲೆಕ್ಕ: ಗುಂಪು ಸವಾರಿಯನ್ನು ಮುನ್ನಡೆಸುವವರಿಗೊಂದು ಮಾರ್ಗದರ್ಶಿ

ಭಾನುವಾರ ನಸುಕಿನಲ್ಲಿ ನೆಲಮಂಗಲದ ಆಚೆಯ ಯಾವುದಾದರೂ ಪೆಟ್ರೋಲ್ ಬಂಕಿನ ಮುಂದೆ ಅರ್ಧ ಗಂಟೆ ನಿಂತರೆ, ಹಾಸನದ ಕಡೆಗೆ ಹೊರಟ ಬೈಕು ತಂಡಗಳು ಒಂದರ ಹಿಂದೊಂದು ಹಾದುಹೋಗುವುದು ಕಾಣುತ್ತದೆ. ಕೆಲವು ತಂಡಗಳು ಅಚ್ಚುಕಟ್ಟಾಗಿ ಸಾಗುತ್ತವೆ. ಇನ್ನು ಕೆಲವು ತಂಡಗಳಲ್ಲಿ ಮುಂದಿನ ನಾಲ್ಕು ಬೈಕುಗಳು ಒಟ್ಟಿಗೆ ಹೋಗಿ, ಎಷ್ಟೋ ಹೊತ್ತಿನ ಮೇಲೆ ಉಳಿದವರು ಒಬ್ಬೊಬ್ಬರಾಗಿ, ಗಾಳಿಗೆ ತಲೆ ತಗ್ಗಿಸಿ, ಮುಂದಿನವರನ್ನು ಹಿಡಿಯುವ ಆತುರದಲ್ಲಿ ಓಡುತ್ತಾರೆ. ಬೈಕು ಓಡಿಸಲು ಬರುವುದಕ್ಕೂ ಬೈಕುಗಳ ಗುಂಪನ್ನು ಕರೆದೊಯ್ಯಲು ಬರುವುದಕ್ಕೂ ಇರುವ ಅಂತರ ಈ ನೋಟದಲ್ಲೇ ಇದೆ. ಆ ಎರಡನೆಯ ಕೆಲಸವನ್ನು ಮೊದಲ ಬಾರಿಗೆ ವಹಿಸಿಕೊಳ್ಳುವವರಿಗಾಗಿ ಇದನ್ನು ಬರೆದಿದ್ದೇನೆ. ಮಾತು ಗಾಳಿಯಲ್ಲಿ ತೇಲಬಾರದೆಂದು ನಾನು ಹಲವು ಬಾರಿ ತಂಡ ಕರೆದೊಯ್ದಿರುವ ಒಂದು ದಾರಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ: ಬೆಂಗಳೂರಿನಿಂದ ಕುಣಿಗಲ್, ಹಾಸನ, ಬೇಲೂರು, ಮೂಡಿಗೆರೆ ಹಾದು ಕೊಟ್ಟಿಗೆಹಾರ, ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ.

ಲೆಕ್ಕದಿಂದ ಆರಂಭಿಸೋಣ

ತಂಡ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ ಎಂದುಕೊಳ್ಳಿ. ಆ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಮುಂದೆ ಹೋಗುತ್ತದೆ. ಎದುರಿಗೆ 40ರ ವೇಗದಲ್ಲಿ ತೆವಳುವ ಲಾರಿ ಸಿಗುತ್ತದೆ. ಮುಂದಾಳು ಅದನ್ನು ದಾಟಿ ಮತ್ತೆ 80ಕ್ಕೆ ಏರುತ್ತಾನೆ. ಆರನೆಯ ಸವಾರನಿಗೆ ಜಾಗ ಸಿಗದೆ ಲಾರಿಯ ಹಿಂದೆ ಬರೀ 40 ಸೆಕೆಂಡು ಉಳಿದರೂ ಇಬ್ಬರ ನಡುವೆ ಹೆಚ್ಚುಕಡಿಮೆ 440 ಮೀಟರ್ ಹೆಚ್ಚುವರಿ ಅಂತರ ಬಿದ್ದಿರುತ್ತದೆ. ಮುಂದಾಳು 80ರಲ್ಲೇ ಹೋಗುತ್ತಿದ್ದರೆ ಆ ಅಂತರವನ್ನು ಮುಚ್ಚಲು ಆರನೆಯವನು 100ರ ವೇಗದಲ್ಲಿ 80 ಸೆಕೆಂಡು, ಅಂದರೆ ಎರಡು ಕಿಲೋಮೀಟರಿಗೂ ಹೆಚ್ಚು ದೂರ, ಎಡೆಬಿಡದೆ ಓಡಬೇಕಾಗುತ್ತದೆ. ಮಧ್ಯೆ ಇನ್ನೊಂದು ಲಾರಿ, ಒಂದು ಹಂಪ್, ಒಂದು ತಿರುವು ಬಂದರೆ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹೀಗಾಗಿ ಮುಂದಾಳಿಗೆ ನಿರಾಳವಾಗಿ ಕಂಡ ಸವಾರಿ ಕೊನೆಯ ಮೂವರಿಗೆ ದಿನವಿಡೀ ಓಟದ ಪಂದ್ಯವಾಗಿರುತ್ತದೆ.

ಇದನ್ನು ನಾನು ಕಾಗದದ ಮೇಲೆ ಕಲಿತದ್ದಲ್ಲ. ಹಲವು ವರ್ಷಗಳ ಹಿಂದೆ ನಾನು ಮುಂದಾಳಾಗಿದ್ದ ಸವಾರಿಯೊಂದರಲ್ಲಿ, ಬೇಲೂರು ದಾಟಿ ಮೂಡಿಗೆರೆಯ ಕಡೆ ಹೋಗುವ ತಿರುವುಗಳಲ್ಲಿ, ಆರನೆಯ ಜಾಗದಲ್ಲಿದ್ದ ಹುಡುಗನೊಬ್ಬ ಎಡ ತಿರುವಿನಲ್ಲಿ ಅಗಲಕ್ಕೆ ಹೋಗಿ, ಬಲಬದಿಯ ಮಣ್ಣಿಗೆ ಇಳಿದು ಬಿದ್ದ. ಎದುರಿನಿಂದ ಆ ಕ್ಷಣದಲ್ಲಿ ವಾಹನ ಬರಲಿಲ್ಲ. ಭುಜದ ಎಲುಬು ಮುರಿದಿತ್ತು. ನಾನು ಹಿಂತಿರುಗಿ ಬರುವಷ್ಟರಲ್ಲಿ ತೋಟದ ಬೇಲಿಗೆ ಒರಗಿ ಕುಳಿತಿದ್ದ ಅವನು ಹೇಳಿದ್ದು ಒಂದೇ ಮಾತು: "ನೀವೆಲ್ಲ ತುಂಬಾ ಮುಂದೆ ಹೋಗಿಬಿಟ್ರಿ ಅಂದುಕೊಂಡೆ ಅಣ್ಣಾ." ಅವನು ಬಿದ್ದ ತಿರುವು ಕಷ್ಟದ್ದೇನೂ ಆಗಿರಲಿಲ್ಲ. ಅವನ ಮನಸ್ಸಿನಲ್ಲಿದ್ದ, ತಾನು ಹಿಂದೆ ಉಳಿದೆ ಎಂಬ ಆತಂಕವನ್ನು ಹುಟ್ಟಿಸಿದವನು ನಾನು. ಮುಂದೆ ಹೇಳುವ ಪ್ರತಿಯೊಂದು ಕ್ರಮದ ಉದ್ದೇಶವೂ ತಂಡದ ಯಾವ ಸವಾರನಿಗೂ ಆ ಆತಂಕ ಬರದಂತೆ ನೋಡಿಕೊಳ್ಳುವುದೇ ಆಗಿದೆ.

ಹೊರಡುವ ವಾರದಲ್ಲಿ ಮಾಡಬೇಕಾದದ್ದು

ಮೊದಲು ಸಂಖ್ಯೆಯನ್ನು ನಿಗದಿ ಮಾಡಿ. ಒಬ್ಬ ಮುಂದಾಳು ಕನ್ನಡಿಯಲ್ಲಿ ಗಮನಿಸಿ ನಡೆಸಬಹುದಾದದ್ದು ಐದರಿಂದ ಏಳು ಬೈಕುಗಳನ್ನು ಮಾತ್ರ. ಹದಿನೆಂಟು ಜನ ಹೆಸರು ಕೊಟ್ಟರೆ ಅದನ್ನು ಆರಾರರ ಮೂರು ತಂಡಗಳಾಗಿ ಒಡೆದು, ಪ್ರತಿ ತಂಡಕ್ಕೂ ಮುಂದೊಬ್ಬ, ಹಿಂದೊಬ್ಬ ಅನುಭವಿಯನ್ನು ನೇಮಿಸಿ, ಹತ್ತು ನಿಮಿಷದ ಅಂತರದಲ್ಲಿ ಬಿಡಬೇಕು. ಹದಿನೆಂಟು ಬೈಕುಗಳು ಒಂದೇ ಸಾಲಿನಲ್ಲಿ ಹೋಗುವ ಚಿತ್ರ ಚೆನ್ನಾಗಿ ಕಾಣಬಹುದು. ಆದರೆ ಆ ಸಾಲನ್ನು ದಾಟಬೇಕಾದ ಬಸ್ಸಿನ ಚಾಲಕನಿಗೆ ನಡುವೆ ನುಸುಳಲು ಜಾಗವೇ ಇರುವುದಿಲ್ಲ, ರಸ್ತೆ ದಾಟಲು ಕಾದು ನಿಂತ ಊರಿನವರಿಗೂ ಇರುವುದಿಲ್ಲ.

ಪ್ರತಿಯೊಬ್ಬರೊಡನೆಯೂ ಫೋನಿನಲ್ಲಿ ಮಾತನಾಡಿ ಎರಡು ಸಂಗತಿ ತಿಳಿದುಕೊಳ್ಳಿ. ಈವರೆಗೆ ಒಂದೇ ದಿನದಲ್ಲಿ ಓಡಿಸಿದ ಗರಿಷ್ಠ ದೂರ ಎಷ್ಟು, ಘಾಟಿ ರಸ್ತೆ ಮತ್ತು ಮಳೆಯಲ್ಲಿ ಓಡಿಸಿ ರೂಢಿಯಿದೆಯೇ. "ಎಷ್ಟು ವರ್ಷದಿಂದ ಬೈಕು ಓಡಿಸುತ್ತಿದ್ದೀರಿ" ಎಂಬ ಪ್ರಶ್ನೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಹತ್ತು ವರ್ಷ ಬೆಂಗಳೂರಿನ ಟ್ರಾಫಿಕ್ಕಿನಲ್ಲೇ ಓಡಿಸಿದವರಿಗೆ ಹೇರ್‌ಪಿನ್ ತಿರುವು ಹೊಸತಾಗಿರಬಹುದು. ಹಿಂಬದಿ ಸವಾರರಿರುವ ಬೈಕುಗಳು ಎಷ್ಟು, ಎಲ್ಲಕ್ಕಿಂತ ಚಿಕ್ಕ ಟ್ಯಾಂಕಿನ ಬೈಕು ಯಾವುದು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಪೆಟ್ರೋಲು ಎಲ್ಲಿ ಹಾಕಿಸಬೇಕೆಂಬುದನ್ನು ಆ ಚಿಕ್ಕ ಟ್ಯಾಂಕು ನಿರ್ಧರಿಸುತ್ತದೆ. ಯಾರ ಬೈಕು ಖಾಲಿಯಾಗಿದೆಯೋ ಅವರು ಮಾತ್ರ ಹಾಕಿಸಿಕೊಳ್ಳುವ ಪದ್ಧತಿ ಬೇಡ. ಒಂದು ಬಂಕಿನಲ್ಲಿ ನಿಂತರೆ ಎಲ್ಲರೂ ತುಂಬಿಸಿಕೊಳ್ಳಬೇಕು. ಇಲ್ಲವಾದರೆ ಪ್ರತಿ ನಲವತ್ತು ಕಿಲೋಮೀಟರಿಗೆ ಒಬ್ಬರಿಗಾಗಿ ತಂಡ ನಿಲ್ಲಬೇಕಾಗುತ್ತದೆ.

ದಾರಿಯನ್ನು ನಕ್ಷೆಯಲ್ಲಿ ನೋಡಿದರೆ ಸಾಲದು, ಅಲ್ಲಿನ ನಿರ್ಬಂಧಗಳನ್ನೂ ತಿಳಿದಿರಬೇಕು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಆ ಕಡೆ ಹೋಗುವ ತಂಡ ಸರ್ವಿಸ್ ರಸ್ತೆಯ ವೇಗಕ್ಕೆ ತಕ್ಕಂತೆ ಸಮಯ ಹಾಕಿಕೊಳ್ಳಬೇಕು. ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ನಮ್ಮ ಉದಾಹರಣೆಯ ಚಾರ್ಮಾಡಿ ಘಾಟಿ 2019ರ ಆಗಸ್ಟ್ ಮಳೆಗೆ ಹಲವೆಡೆ ಕುಸಿದು ಸಂಚಾರವೇ ನಿಂತಿತ್ತು. ಮಳೆಗಾಲದಲ್ಲಿ ಚಾರ್ಮಾಡಿ, ಶಿರಾಡಿ ಯಾವ ದಿನ ಮುಚ್ಚುತ್ತವೆಂದು ಹೇಳಲಾಗದು. ಹಿಂದಿನ ಸಂಜೆ ಜಿಲ್ಲಾಡಳಿತದ ಪ್ರಕಟಣೆ ನೋಡಿ, ಸಾಧ್ಯವಾದರೆ ಕೊಟ್ಟಿಗೆಹಾರದ ಯಾವುದಾದರೂ ಹೋಟೆಲಿಗೆ ಫೋನು ಮಾಡಿ ವಿಚಾರಿಸಿಯೇ ಹೊರಡಬೇಕು. ದಾರಿಯುದ್ದಕ್ಕೂ ದೊಡ್ಡ ಆಸ್ಪತ್ರೆಗಳು ಎಲ್ಲೆಲ್ಲಿವೆ ಎಂಬುದು ಮುಂದಾಳಿನ ಜೇಬಿನ ಚೀಟಿಯಲ್ಲಿರಬೇಕು. ಈ ದಾರಿಯಲ್ಲಿ ಬೆಳ್ಳೂರು ಕ್ರಾಸಿನ ಹತ್ತಿರ ಆದಿಚುಂಚನಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಘಾಟಿ ಇಳಿದ ಮೇಲೆ ಉಜಿರೆಯಲ್ಲಿ ಎಸ್‌ಡಿಎಂ ಆಸ್ಪತ್ರೆ ಸಿಗುತ್ತವೆ. ಬೇಲೂರು, ಮೂಡಿಗೆರೆಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಮೂಡಿಗೆರೆ ಬಿಟ್ಟ ಮೇಲೆ ಘಾಟಿ ಮುಗಿಯುವವರೆಗೆ ದೊಡ್ಡ ಆಸ್ಪತ್ರೆಯೂ ಇಲ್ಲ, ಹಲವೆಡೆ ಫೋನಿನ ಸಿಗ್ನಲ್ಲೂ ಇಲ್ಲ. ಅತ್ಯಂತ ನಿಧಾನವಾಗಿ ಹೋಗಬೇಕಾದ ಭಾಗ ಯಾವುದೆಂದು ಆ ಚೀಟಿಯೇ ಹೇಳುತ್ತದೆ.

ಹೊರಡುವ ಹಿಂದಿನ ದಿನ ಪ್ರತಿಯೊಬ್ಬರೂ ತಮ್ಮ ಬೈಕನ್ನು ನೋಡಿಕೊಳ್ಳುವಂತೆ ಸಂದೇಶ ಕಳಿಸಿ. ಟೈರಿನ ಗಾಳಿ ಮತ್ತು ಸವೆತ, ಬ್ರೇಕ್ ಪ್ಯಾಡು, ಚೈನಿನ ಬಿಗಿ, ಎಂಜಿನ್ ಆಯಿಲ್, ಎಲ್ಲ ದೀಪಗಳು, ಕ್ಲಚ್ ಕೇಬಲ್ ಇವಿಷ್ಟು ಸಾಕು. ಕ್ಲಚ್ ಕೇಬಲ್ ಲಿವರಿನ ಹತ್ತಿರ ಎಳೆಎಳೆಯಾಗಿ ಬಿಚ್ಚಿಕೊಂಡಿದ್ದರೆ ಅದು ದಾರಿಯಲ್ಲಿ ತುಂಡಾಗುತ್ತದೆಂದೇ ತಿಳಿಯಬೇಕು. ಪಂಕ್ಚರ್ ಕಿಟ್, ಗಾಳಿ ಪಂಪು, ಟೂಲ್ ಕಿಟ್ ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳನ್ನು ಯಾವಾಗಲೂ ಕೊನೆಯ ಸವಾರನ ಬಳಿ ಕೊಡಿ. ಬೈಕು ಕೆಟ್ಟು ನಿಂತವರನ್ನು ಹಾದುಬರುವವನು ಅವನೇ. ಮುಂದಾಳಿನ ಬಳಿ ಕಿಟ್ಟು ಇದ್ದರೆ ಅದು ಹತ್ತು ಕಿಲೋಮೀಟರ್ ಮುಂದೆ ಹೋಗಿಬಿಟ್ಟಿರುತ್ತದೆ.

ಯಾರು ಎಲ್ಲಿ

ತಂಡದಲ್ಲಿ ಅತ್ಯಂತ ಅನುಭವಿ ಯಾರೋ ಅವರನ್ನು ಕೊನೆಯ ಜಾಗಕ್ಕೆ ಹಾಕಿ. ಸವಾರರ ಮಾತಿನಲ್ಲಿ ಆ ಜಾಗಕ್ಕೆ ಸ್ವೀಪ್ ಎನ್ನುತ್ತಾರೆ. ಬಿದ್ದವರನ್ನು ಎತ್ತುವುದು, ಕೆಟ್ಟ ಬೈಕನ್ನು ಸರಿಮಾಡುವುದು, ಸುಸ್ತಾದವರನ್ನು ಗುರುತಿಸುವುದು ಎಲ್ಲವೂ ಅವರ ಪಾಲಿಗೆ ಬರುತ್ತದೆ. ಅವರು ದೂರದಿಂದಲೇ ಗುರುತು ಸಿಗುವ ಹೊಳೆಯುವ ಹಳದಿ ಜಾಕೆಟ್ ಹಾಕಿಕೊಂಡಿರಬೇಕು. ಅದರ ಅಗತ್ಯ ಏನೆಂದು ಮುಂದೆ ಬರುತ್ತದೆ.

ಎಲ್ಲರಿಗಿಂತ ಹೊಸಬರು ಮತ್ತು ನಿಧಾನಿಗಳು ಮುಂದಾಳಿನ ಬೆನ್ನಿಗೇ ಇರಬೇಕು. ಹೊಸಬರನ್ನು ಹಿಂದೆ ಬಿಡುವುದು ನಮ್ಮಲ್ಲಿ ರೂಢಿ, ನಿಧಾನಕ್ಕೆ ಬರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತಾರೆ. ಮೇಲಿನ ಲಾರಿಯ ಲೆಕ್ಕವನ್ನು ಮತ್ತೊಮ್ಮೆ ನೋಡಿದರೆ ಅದು ಎಷ್ಟು ತಪ್ಪೆಂದು ತಿಳಿಯುತ್ತದೆ: ಅತಿ ಹೆಚ್ಚು ವೇಗ ಬೇಕಾಗುವ ಜಾಗಕ್ಕೆ ಅತಿ ಕಡಿಮೆ ಅನುಭವದವರನ್ನು ತಳ್ಳಿದಂತಾಗುತ್ತದೆ. ಮುಂದಾಳಿನ ಕನ್ನಡಿಯಲ್ಲಿ ಹೊಸಬರ ಹೆಲ್ಮೆಟ್ಟು ಸದಾ ಕಾಣುತ್ತಿದ್ದರೆ ಅವರ ವೇಗವೇ ತಾನಾಗಿ ತಂಡದ ವೇಗವಾಗುತ್ತದೆ.

ಹೊರಡುವ ಮುನ್ನ ಹತ್ತು ನಿಮಿಷ

ಸೇರುವ ಜಾಗ ನೆಲಮಂಗಲ ದಾಟಿದ ಮೇಲೆ, ರಸ್ತೆಯಿಂದ ಒಳಗೆ ಬೈಕು ನಿಲ್ಲಿಸಬಹುದಾದ ಬಂಕೋ ಹೋಟೆಲೋ ಆಗಿರಲಿ. ನಗರದೊಳಗೆ ಸೇರಿ ಒಟ್ಟಿಗೆ ಹೊರಟರೆ ಎರಡನೇ ಸಿಗ್ನಲ್ಲಿನಲ್ಲೇ ತಂಡ ಒಡೆದುಹೋಗುತ್ತದೆ. ಸೇರುವ ಸಮಯ ಮತ್ತು ಹೊರಡುವ ಸಮಯ ಎರಡನ್ನೂ ಹೇಳಿ, ನಡುವೆ ಅರ್ಧ ಗಂಟೆ ಇಟ್ಟುಕೊಳ್ಳಿ.

ಎಲ್ಲರೂ ಬಂದ ಮೇಲೆ ಹೆಲ್ಮೆಟ್ ತೆಗೆದು, ಎಂಜಿನ್ ಆರಿಸಿ, ಸುತ್ತ ನಿಲ್ಲುವಂತೆ ಹೇಳಿ ಮಾತನಾಡಬೇಕು. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಎಲ್ಲರೂ ಓದಿದ್ದಾರೆಂದು ನಂಬಬಾರದು. ಲೈಸೆನ್ಸು, ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪತ್ರ ಇವು ಡಿಜಿಲಾಕರಿನಲ್ಲಿ ಇದ್ದರೂ ನಡೆಯುತ್ತದೆ, ಆದರೆ ಇವೆಯೇ ಎಂದು ಕೇಳಿಯೇ ಮುಂದುವರಿಯಿರಿ. ಐಎಸ್‌ಐ ಗುರುತಿನ ಪೂರ್ಣ ಹೆಲ್ಮೆಟ್ಟು, ಜಾಕೆಟ್ಟು, ಕೈಗವಸು, ಹರಡು ಮುಚ್ಚುವ ಶೂ ಓಡಿಸುವವರಿಗೂ ಇರಬೇಕು, ಹಿಂದೆ ಕುಳಿತವರಿಗೂ ಇರಬೇಕು. ಚಪ್ಪಲಿಯಲ್ಲಿ ಬಂದವರನ್ನು, ಅರ್ಧ ಹೆಲ್ಮೆಟ್ಟಿನಲ್ಲಿ ಬಂದವರನ್ನು ಸಮಾಧಾನದಿಂದ, ಆದರೆ ಖಚಿತವಾಗಿ ಅಲ್ಲಿಂದಲೇ ವಾಪಸು ಕಳಿಸಬೇಕು. ಇದು ಮುಂದಾಳಿಗೆ ಅತ್ಯಂತ ಮುಜುಗರದ ಕೆಲಸ. ಸ್ನೇಹಿತನೇ ಆಗಿದ್ದರೆ ಇನ್ನೂ ಕಷ್ಟ. ಆದರೂ ಒಮ್ಮೆ ಸಡಿಲ ಬಿಟ್ಟರೆ ಮುಂದಿನ ಸವಾರಿಗೆ ಮೂವರು ಹಾಗೆಯೇ ಬರುತ್ತಾರೆ. ಹಿಂದಿನ ರಾತ್ರಿ ಕುಡಿದು ಇನ್ನೂ ವಾಸನೆ ಹೋಗದವರ ವಿಷಯದಲ್ಲಿ ಚರ್ಚೆಗೂ ಅವಕಾಶ ಕೊಡಬೇಡಿ.

ಬಳಿಕ ದಿನದ ದಾರಿ, ನಿಲ್ಲುವ ಜಾಗಗಳು, ಕೈ ಸನ್ನೆಗಳನ್ನು ಹೇಳಿ, ಸನ್ನೆಗಳನ್ನು ಒಮ್ಮೆ ಮಾಡಿಸಿ. ಬಲಗೈ ಆಕ್ಸಿಲರೇಟರಿನಲ್ಲೂ ಮುಂದಿನ ಬ್ರೇಕಿನಲ್ಲೂ ಇರಬೇಕಾದ್ದರಿಂದ ಸನ್ನೆಗಳೆಲ್ಲ ಎಡಗೈಯಲ್ಲೇ. ಅಂಗೈ ಕೆಳಗೆ ಮಾಡಿ ಮೆಲ್ಲಗೆ ಆಡಿಸಿದರೆ ನಿಧಾನ, ತೋರುಬೆರಳು ಮೇಲೆತ್ತಿದರೆ ಒಂದೇ ಸಾಲು, ಎರಡು ಬೆರಳೆತ್ತಿದರೆ ಓರೆ ಸಾಲು, ಅಂದರೆ ಒಬ್ಬರು ಪಥದ ಬಲಕ್ಕೆ, ಅವರ ಹಿಂದಿನವರು ಎಡಕ್ಕೆ. ಗುಂಡಿಯನ್ನು ಆ ಬದಿಯ ಕಾಲು ಚಾಚಿ ತೋರಿಸಬೇಕು. ನಾಲ್ಕೈದಕ್ಕಿಂತ ಹೆಚ್ಚು ಸನ್ನೆಗಳನ್ನು ಕಲಿಸಲು ಹೋದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ಬ್ರೇಕು ಹಾಕಬೇಕಾದ ಕ್ಷಣದಲ್ಲಿ ಸನ್ನೆ ಮಾಡಲು ಕೈಬಿಡುವುದು ಯಾವ ಕಾರಣಕ್ಕೂ ಕೂಡದು ಎಂಬುದನ್ನೂ ಸೇರಿಸಿ ಹೇಳಿ. ಪ್ರತಿಯೊಬ್ಬರೂ ತಮ್ಮ ಹೆಸರು, ರಕ್ತದ ಗುಂಪು, ಮನೆಯವರ ಫೋನ್ ಸಂಖ್ಯೆ ಬರೆದ ಚೀಟಿಯನ್ನು ಜಾಕೆಟ್ಟಿನ ಎಡ ಜೇಬಿನಲ್ಲಿ ಇಟ್ಟುಕೊಳ್ಳಲಿ. ಎಲ್ಲರದೂ ಒಂದೇ ಜೇಬು ಆಗಿದ್ದರೆ ಹುಡುಕಾಡುವ ಪ್ರಮೇಯ ಬರುವುದಿಲ್ಲ.

ಕೊನೆಯದಾಗಿ, ಹೊಸಬರ ಮುಖ ನೋಡಿಯೇ ಒಂದು ಮಾತು ಹೇಳಬೇಕು: "ನಿಮ್ಮ ಸವಾರಿ ನಿಮ್ಮದು. ಮುಂದಿನ ಬೈಕು ಕಣ್ಮರೆಯಾದರೆ ವೇಗ ಹೆಚ್ಚಿಸಬೇಡಿ. ದಾರಿ ತಿರುಗುವಲ್ಲಿ ನಮ್ಮವರೊಬ್ಬರು ನಿಮಗಾಗಿ ನಿಂತಿರುತ್ತಾರೆ." ಈ ಮಾತನ್ನು ನಿಜ ಮಾಡುವ ವಿಧಾನ ಹೀಗಿದೆ.

ತಿರುವಿನಲ್ಲಿ ಒಬ್ಬರನ್ನು ನಿಲ್ಲಿಸುವುದು

ದಾರಿ ಕವಲೊಡೆಯುವ ಪ್ರತಿ ಜಾಗದಲ್ಲೂ ಮುಂದಾಳು ಕೈತೋರಿ ಒಬ್ಬ ಸವಾರನನ್ನು ನಿಲ್ಲಿಸಿ ಮುಂದೆ ಹೋಗುತ್ತಾನೆ. ಆ ಸವಾರ ರಸ್ತೆಯಿಂದ ಕೆಳಗಿಳಿದು, ಹಿಂದಿನಿಂದ ಬರುವವರಿಗೆ ದೂರದಿಂದಲೇ ಕಾಣುವಂತೆ, ಹೋಗಬೇಕಾದ ದಿಕ್ಕಿಗೆ ಬೈಕು ತಿರುಗಿಸಿ, ಇಂಡಿಕೇಟರ್ ಹಾಕಿಕೊಂಡು ನಿಲ್ಲಬೇಕು. ಬರುವ ತಂಡದವರೆಲ್ಲರಿಗೂ ದಿಕ್ಕು ತೋರಿಸಬೇಕು. ಹಳದಿ ಜಾಕೆಟ್ಟಿನ ಕೊನೆಯ ಸವಾರ ಕಾಣುವವರೆಗೆ ಅಲ್ಲಿಂದ ಕದಲಬಾರದು. ಕೊನೆಯ ಸವಾರ ವೇಗ ತಗ್ಗಿಸಿ ಅವನನ್ನು ತನ್ನ ಮುಂದೆ ಸೇರಿಸಿಕೊಳ್ಳುತ್ತಾನೆ. ಮುಂದಿನ ಕವಲಿನಲ್ಲಿ ಇನ್ನೊಬ್ಬರ ಸರದಿ. ಸಾಮಾನ್ಯವಾಗಿ ಎರಡನೆಯ ಸವಾರನನ್ನೇ ನಿಲ್ಲಿಸುವ ಪದ್ಧತಿ ಇದೆ. ನಮ್ಮ ತಂಡಗಳಲ್ಲಿ ಎರಡನೆಯ ಜಾಗ ಹೊಸಬರಿಗೆ ಮೀಸಲಾದ್ದರಿಂದ ಅವರನ್ನು ಬಿಟ್ಟು ಮೂರನೆಯವರನ್ನು ನಿಲ್ಲಿಸುತ್ತೇವೆ. ಅಪರಿಚಿತ ವೃತ್ತದಲ್ಲಿ ಹೊಸಬರನ್ನು ಒಬ್ಬರೇ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ದಾರಿಯಲ್ಲಿ ಇಂಥ ಜಾಗಗಳು ಕೆಲವೇ. ನೆಲಮಂಗಲದಲ್ಲಿ ತುಮಕೂರಿನ ಹೆದ್ದಾರಿ ಬಿಟ್ಟು ಕುಣಿಗಲ್ ಕಡೆಗೆ ಹೊರಳುವುದು ಮೊದಲನೆಯದು. ಅಲ್ಲಿ ತಪ್ಪಿ ನೇರ ಹೋದವರು ತುಮಕೂರಿನ ಹೆದ್ದಾರಿಯಲ್ಲಿ ಬಹುದೂರ ಸಾಗಿದ ಮೇಲಷ್ಟೇ ಎಚ್ಚೆತ್ತು ಫೋನು ಮಾಡಿದ ಪ್ರಸಂಗಗಳಿವೆ. ನೆಲಮಂಗಲದಾಚೆ ಸೇರಬೇಕೆಂದು ನಾನು ಒತ್ತಿ ಹೇಳಿದ್ದಕ್ಕೆ ಅದೂ ಒಂದು ಕಾರಣ. ಹಾಸನದಲ್ಲಿ ಸಕಲೇಶಪುರದ ದಾರಿ ಬಿಟ್ಟು ಬೇಲೂರಿಗೆ ತಿರುಗುವುದು ಎರಡನೆಯದು. ಬೇಲೂರು ಮತ್ತು ಮೂಡಿಗೆರೆ ಪೇಟೆಯೊಳಗಿನ ವೃತ್ತಗಳು, ಆಮೇಲೆ ಕಳಸದ ದಾರಿಯೂ ಚಾರ್ಮಾಡಿಯ ದಾರಿಯೂ ಬೇರೆಯಾಗುವ ಕೊಟ್ಟಿಗೆಹಾರ. ಇಷ್ಟು ಕಡೆ ಒಬ್ಬೊಬ್ಬರು ನಿಂತರೆ ನಡುವೆ ಯಾರು ಎಷ್ಟು ನಿಧಾನವಾಗಿ ಬಂದರೂ ತಂಡ ಒಡೆಯುವುದಿಲ್ಲ. ಬ್ಲೂಟೂತ್ ಇಂಟರ್‌ಕಾಮ್ ಇದ್ದರೆ ಅದು ಮುಂದಾಳಿಗೂ ಕೊನೆಯವರಿಗೂ ಇರಲಿ. ಇಲ್ಲದಿದ್ದರೂ ಈ ಪದ್ಧತಿ ಫೋನು, ಸಿಗ್ನಲ್ಲು, ಬ್ಯಾಟರಿ ಯಾವುದರ ಹಂಗೂ ಇಲ್ಲದೆ ನಡೆಯುತ್ತದೆ.

ಹೆದ್ದಾರಿಯಲ್ಲಿ

ನೆಲಮಂಗಲದಿಂದ ಹಾಸನದವರೆಗಿನ ರಾಷ್ಟ್ರೀಯ ಹೆದ್ದಾರಿ 75 ನಾಲ್ಕು ಪಥದ ನೇರ ರಸ್ತೆ. ಇಲ್ಲಿ ಓರೆ ಸಾಲಿನಲ್ಲಿ ಹೋಗಬೇಕು. ಮುಂದಾಳು ಪಥದ ಬಲ ಭಾಗದಲ್ಲಿ, ಎರಡನೆಯವರು ಒಂದು ಸೆಕೆಂಡಿನ ಅಂತರ ಬಿಟ್ಟು ಎಡ ಭಾಗದಲ್ಲಿ, ಮೂರನೆಯವರು ಮತ್ತೆ ಬಲದಲ್ಲಿ. ಹೀಗೆ ಸಾಗಿದರೆ ಪ್ರತಿಯೊಬ್ಬರಿಗೂ ತಮ್ಮ ನೇರ ಮುಂದಿರುವ ಬೈಕು ಎರಡು ಸೆಕೆಂಡು ದೂರವಿರುತ್ತದೆ, ಗುಂಡಿ ಬಂದರೆ ಪಕ್ಕಕ್ಕೆ ಸರಿಯಲು ಜಾಗವಿರುತ್ತದೆ. ಇಬ್ಬರು ಅಕ್ಕಪಕ್ಕ ಜೋಡಿಯಾಗಿ ಹೋಗುವುದು ಮಾತ್ರ ಎಂದಿಗೂ ಬೇಡ.

ಲಾರಿ, ಬಸ್ಸುಗಳನ್ನು ದಾಟುವಾಗ ಪ್ರತಿಯೊಬ್ಬರೂ ತಮ್ಮ ಕಣ್ಣಿನಿಂದ ನೋಡಿ, ತಮ್ಮ ನಿರ್ಧಾರದಿಂದ, ಒಬ್ಬೊಬ್ಬರಾಗಿಯೇ ದಾಟಬೇಕು. ಮುಂದಿನವರು ಹೋದರೆಂದು ಹಿಂದಿನವರು ನುಗ್ಗುವುದರಿಂದಲೇ ಎರಡು ಪಥದ ರಸ್ತೆಗಳಲ್ಲಿ ಸಾವುಗಳಾಗುತ್ತವೆ. ಹಿಂದಿನವರನ್ನು ಮುಂದೆ ಬನ್ನಿ ಎಂದು ಕೈಸನ್ನೆ ಮಾಡಿ ಕರೆಯುವ ಅಭ್ಯಾಸವನ್ನೂ ನಾನು ಒಪ್ಪುವುದಿಲ್ಲ, ಕರೆದವನಿಗೆ ಕಂಡ ರಸ್ತೆ ಬೇರೆ, ಬರುವವನಿಗೆ ಸಿಗುವ ರಸ್ತೆ ಬೇರೆ. ಮುಂದಾಳು ದಾಟಿದ ನಂತರ ಮೊದಲು ಸ್ವಲ್ಪ ದೂರ ವೇಗ ಉಳಿಸಿಕೊಂಡು ಹಿಂದಿನವರಿಗೆ ಪಥದಲ್ಲಿ ಜಾಗ ಮಾಡಿಕೊಡಬೇಕು, ಆಮೇಲೆ ಕನ್ನಡಿ ನೋಡುತ್ತಾ 60ಕ್ಕೋ 65ಕ್ಕೋ ಇಳಿಸಿ, ಸಾಲು ಪೂರ್ತಿ ಕೂಡಿಕೊಂಡ ಮೇಲಷ್ಟೇ ಮತ್ತೆ 80ಕ್ಕೆ ಬರಬೇಕು. ಇಷ್ಟು ಮಾಡಿದರೆ ಮೊದಲು ಹೇಳಿದ 440 ಮೀಟರಿನ ಅಂತರ ಯಾರೂ ಓಡದೆಯೇ ಕರಗಿಹೋಗುತ್ತದೆ.

ಈ ಹೆದ್ದಾರಿಯ ಅಪಾಯಗಳು ಬದಿಯಿಂದ ಬರುತ್ತವೆ. ಡಿವೈಡರಿನ ತೆರಪಿನಲ್ಲಿ ಅಡ್ಡ ಬರುವ ಟ್ರಾಕ್ಟರು, ರಾಂಗ್ ಸೈಡಿನಲ್ಲಿ ಹಾಲಿನ ಕ್ಯಾನು ಹೇರಿಕೊಂಡು ಬರುವ ಮೊಪೆಡ್ಡು, ಊರ ಮುಂದೆ ಥಟ್ಟನೆ ನಿಲ್ಲುವ ಬಸ್ಸು. ಊರು ಬಂದಾಗಲೆಲ್ಲ ವೇಗ ತಗ್ಗಿಸಲೇಬೇಕು, ಅದು ಅವರ ಊರು. ಚಳಿಗಾಲದ ಬೆಳಿಗ್ಗೆ ಕುಣಿಗಲ್ ಸುತ್ತಮುತ್ತ ಮಂಜು ದಟ್ಟವಾಗಿದ್ದರೆ ಹೋಟೆಲಿನಲ್ಲಿ ಕುಳಿತು ಬಿಸಿಲೇರುವವರೆಗೆ ಕಾಯುವುದೇ ಸರಿ. ರಾಷ್ಟ್ರೀಯ ಹೆದ್ದಾರಿಯ ಟೋಲ್ ಗೇಟುಗಳಲ್ಲಿ ಬೈಕುಗಳಿಗೆ ಶುಲ್ಕವಿಲ್ಲ, ಎಡಗಡೆಯ ಕಿರಿದಾದ ದಾರಿಯಲ್ಲಿ ಒಬ್ಬೊಬ್ಬರಾಗಿ ಹಾದು, ಗೇಟು ದಾಟಿದ ಕೂಡಲೇ ನಿಲ್ಲದೆ ಅರ್ಧ ಕಿಲೋಮೀಟರ್ ಮುಂದೆ ಹೋಗಿ ಕೂಡಿಕೊಳ್ಳಿ.

ಒಂದೂಕಾಲು ಗಂಟೆಗೊಮ್ಮೆ ನಿಲ್ಲಿ. ಯಾರೂ ಕೇಳದಿದ್ದರೂ ನಿಲ್ಲಿ. ನಿಂತಾಗ ಮುಂದಾಳು ತಾನು ಚಹಾ ಕುಡಿಯುವ ಮೊದಲು ಪ್ರತಿಯೊಬ್ಬರ ಹತ್ತಿರ ಹೋಗಿ ಎರಡು ಮಾತಾಡಬೇಕು. ಸುಸ್ತಾದವರು ಅದನ್ನು ತಾವಾಗಿ ಹೇಳುವುದಿಲ್ಲ. ಮಾತು ಕಡಿಮೆಯಾಗಿರುವುದು, ಹೆಲ್ಮೆಟ್ಟಿನ ಪಟ್ಟಿ ಹಾಕುವಾಗ ಬೆರಳು ತಡವರಿಸುವುದು, ಕಣ್ಣು ಉಜ್ಜಿಕೊಳ್ಳುವುದು ಇವು ಹೇಳುತ್ತವೆ.

ಬೇಲೂರಿನ ಆಚೆ

ಹಾಸನ ಬಿಟ್ಟ ಮೇಲೆ ರಸ್ತೆ ಕಿರಿದಾಗುತ್ತದೆ, ಬೇಲೂರು ದಾಟಿದರೆ ಕಾಫಿ ತೋಟಗಳು ಶುರು. ಸುಗ್ಗಿಯ ಕಾಲದಲ್ಲಿ ಬೇಲೂರು, ಹಳೇಬೀಡು, ಜಾವಗಲ್ ಕಡೆಯ ಊರರಸ್ತೆಗಳಲ್ಲಿ ರಾಗಿ, ಹುರುಳಿಗಳನ್ನು ಒಕ್ಕಣೆಗೆಂದು ರಸ್ತೆಯ ಮೇಲೆಯೇ ಹರಡಿರುವುದನ್ನು ಕಾಣಬಹುದು. ಕಾರಿಗೆ ಅದರಿಂದ ಹೆಚ್ಚು ತೊಂದರೆಯಿಲ್ಲ. ಬೈಕಿಗೆ ಮಾತ್ರ ಒಣ ಹುಲ್ಲಿನ ದಪ್ಪ ಹಾಸು ಎಣ್ಣೆ ಚೆಲ್ಲಿದಷ್ಟೇ ಜಾರುತ್ತದೆ, ಹುರುಳಿಯ ಬಳ್ಳಿ ಚೈನಿಗೂ ಹಿಂದಿನ ಚಕ್ರಕ್ಕೂ ಸುತ್ತಿಕೊಳ್ಳುತ್ತದೆ, ರಾಶಿಯ ಸುತ್ತ ಅಡ್ಡ ಇಟ್ಟ ಕಲ್ಲುಗಳು ಹುಲ್ಲಿನಡಿ ಕಾಣುವುದಿಲ್ಲ. ಅಂಥಲ್ಲಿ ಒಂದೇ ಸಾಲಿನ ಸನ್ನೆ ಕೊಟ್ಟು, ಹುಲ್ಲು ಶುರುವಾಗುವ ಮೊದಲೇ ವೇಗ ಇಳಿಸಿ, ಅದರ ಮೇಲೆ ಬ್ರೇಕು ಹಾಕದೆ, ಹ್ಯಾಂಡಲ್ ತಿರುಗಿಸದೆ ನೇರವಾಗಿ ಉರುಳಿಸಿಕೊಂಡು ಹೋಗಬೇಕು.

ಮಾರ್ಚ್, ಏಪ್ರಿಲ್ ಹೊತ್ತಿಗೆ ಬರುವ ಕಾಫಿಯ ಹೂಮಳೆಯೂ ಇಂಥದ್ದೇ. ತಿಂಗಳುಗಟ್ಟಲೆ ರಸ್ತೆಯಲ್ಲಿ ಸೇರಿದ್ದ ಎಣ್ಣೆ, ಧೂಳು, ರಬ್ಬರು ಮೊದಲ ಹತ್ತು ನಿಮಿಷದ ಮಳೆಗೆ ತೇಲಿ ಮೇಲೆ ಬರುತ್ತವೆ. ಆ ಹೊತ್ತು ಎಲ್ಲಾದರೂ ಸೂರಿನಡಿ ನಿಂತು ರೈನ್‌ಕೋಟು ಹಾಕಿಕೊಳ್ಳಲು ಬಳಸಿದರೆ ಎರಡೂ ಕೆಲಸ ಆಗುತ್ತದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಆಳುಗಳನ್ನು ಕರೆದೊಯ್ಯುವ ಜೀಪುಗಳು ತೋಟದ ಗೇಟುಗಳಿಂದ ನೇರ ರಸ್ತೆಗೆ ಬರುತ್ತವೆ ಎಂಬುದೂ ನೆನಪಿರಲಿ.

ಬೇಲೂರು, ಮೂಡಿಗೆರೆ, ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳ ಓಡಾಟ ಇದೆ. ಕತ್ತಲಾದ ಮೇಲೆ, ಬೆಳಕು ಹರಿಯುವ ಮೊದಲು ಇಲ್ಲಿ ತಂಡ ರಸ್ತೆಯಲ್ಲಿ ಇರಕೂಡದು. ಹಗಲಲ್ಲೇ ಆನೆ ಎದುರಾದರೆ ಹಾರ್ನು ಮಾಡದೆ, ಎಂಜಿನ್ ಏರಿಸದೆ, ಸಾಧ್ಯವಾದಷ್ಟು ದೂರದಲ್ಲೇ ನಿಂತು ಹಿಂತಿರುಗಬೇಕು. ಎಲ್ಲರೂ ಒಮ್ಮೆಲೇ ಬೈಕು ತಿರುಗಿಸಲು ಹೋದರೆ ಒಬ್ಬರಿಗೊಬ್ಬರು ತಗುಲಿ ಬೀಳುವುದು ಖಂಡಿತ. ಮೊದಲು ಕೊನೆಯ ಬೈಕು ತಿರುಗಿ ಹೊರಡಬೇಕು, ಆಮೇಲೆ ಅದರ ಮುಂದಿನದು, ಕಟ್ಟಕಡೆಗೆ ಮುಂದಾಳು. ಇದನ್ನು ಬೆಳಗಿನ ಮಾತಿನಲ್ಲೇ ಹೇಳಿಟ್ಟಿರಬೇಕು.

ಘಾಟಿ ಇಳಿಯುವ ಮೊದಲು

ಕೊಟ್ಟಿಗೆಹಾರದಲ್ಲಿ ಎಲ್ಲರೂ ನಿಂತು ನೀರುದೋಸೆ ತಿನ್ನಲಿ. ಅದು ರುಚಿಗೂ ಹೌದು, ಬೆಂಗಳೂರಿನಿಂದ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ಓಡಿಸಿ ಬಂದ ದಣಿವಿನಲ್ಲಿ ಯಾರೂ ಘಾಟಿಗೆ ಇಳಿಯಬಾರದೆಂಬುದಕ್ಕೂ ಹೌದು. ಮಧ್ಯಾಹ್ನ ಮೂರು ಗಂಟೆಯೊಳಗೆ ಇಲ್ಲಿಗೆ ಮುಟ್ಟದಿದ್ದರೆ ಆ ದಿನ ಘಾಟಿ ಇಳಿಯುವುದನ್ನು ಬಿಟ್ಟು ಮೂಡಿಗೆರೆಯ ಕಡೆ ಉಳಿದುಕೊಳ್ಳುವುದು ನಾನು ಪಾಲಿಸುವ ನಿಯಮ.

ಘಾಟಿಯಲ್ಲಿ ಓರೆ ಸಾಲಿನ ಮಾತಿಲ್ಲ. ಒಂದೇ ಸಾಲು, ನಾಲ್ಕು ಸೆಕೆಂಡಿಗೆ ಕಡಿಮೆಯಿಲ್ಲದ ಅಂತರ, ಪ್ರತಿಯೊಬ್ಬರಿಗೂ ತಮ್ಮದೇ ವೇಗ. ಎಂಜಿನ್ ಆರಿಸಿ ಅಥವಾ ನ್ಯೂಟ್ರಲ್ಲಿನಲ್ಲಿ ಇಳಿಯುವುದು ಪೆಟ್ರೋಲು ಉಳಿಸುವ ಉಪಾಯವೆಂದು ಇನ್ನೂ ಕೆಲವರು ನಂಬಿದ್ದಾರೆ. ಹಾಗೆ ಇಳಿದರೆ ಬೈಕನ್ನು ತಡೆಯಲು ಬ್ರೇಕೊಂದೇ ಉಳಿಯುತ್ತದೆ. ಇಳಿಜಾರಿನುದ್ದಕ್ಕೂ ಬ್ರೇಕನ್ನೇ ಒತ್ತುತ್ತಿದ್ದರೆ ಅದು ಕಾದು, ಲಿವರು ಮೆತ್ತಗಾಗಿ, ಬೇಕಾದಾಗ ಹಿಡಿಯುವುದಿಲ್ಲ. ಎರಡನೇ ಗೇರಿನಲ್ಲಿ ಎಂಜಿನ್ನೇ ಬೈಕನ್ನು ತಡೆದು ಇಳಿಸುವಂತೆ ನೋಡಿಕೊಳ್ಳಬೇಕು, ಬ್ರೇಕನ್ನು ತಿರುವಿಗೆ ಮೊದಲೇ, ಬೈಕು ನೆಟ್ಟಗಿರುವಾಗಲೇ ಹಾಕಿ ಮುಗಿಸಬೇಕು. ಏರಿ ಬರುವ ವಾಹನಕ್ಕೆ ದಾರಿ ಬಿಡುವುದು ಇಳಿಯುವವರ ಕರ್ತವ್ಯ. ಹೇರ್‌ಪಿನ್ ತಿರುವಿನಲ್ಲಿ ಸಾರಿಗೆ ಬಸ್ಸಿಗೆ ರಸ್ತೆಯ ಪೂರ್ತಿ ಅಗಲ ಬೇಕಾಗುತ್ತದೆ, ಹಾರ್ನು ಕೇಳಿದ ಕೂಡಲೇ ತಿರುವಿನ ಹಿಂದೆಯೇ ನಿಂತುಬಿಡಿ.

ಬಲ ತಿರುವಿನ ಬಗ್ಗೆ ವಿಶೇಷವಾಗಿ ಹೇಳಬೇಕು. ಚಕ್ರಗಳು ನಡುಗೆರೆಯ ಒಳಗೇ ಇದ್ದರೂ ಬೈಕು ಬಲಕ್ಕೆ ಬಾಗಿದಾಗ ಸವಾರನ ತಲೆ, ಭುಜಗಳು ಗೆರೆ ದಾಟಿ, ಎದುರು ಬರುವ ವಾಹನದ ಹಾದಿಯಲ್ಲಿ ಇರುತ್ತವೆ. ಹಾಗಾಗಿ ಬಲ ತಿರುವಿನಲ್ಲಿ ಗೆರೆಯಿಂದ ಒಂದು ಮೀಟರಿಗೂ ಹೆಚ್ಚು ಎಡಕ್ಕಿರಬೇಕು. ಬೈಕನ್ನು ಒಂದು ತಿರುವಿನಲ್ಲಿ ನಿಲ್ಲಿಸಿ, ಅದರ ಮೇಲೆ ಕುಳಿತು ಬಾಗಿ ತೋರಿಸಿದರೆ ಹೊಸಬರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಮಳೆಗಾಲದಲ್ಲಿ ರಸ್ತೆ ಬದಿಯ ಬಂಡೆಗಳಿಂದ ನೀರು ಧುಮುಕುವ ಕಡೆ ಫೋಟೋಗೆಂದು ನಿಲ್ಲುವವರಿಂದ ಇಡೀ ಘಾಟಿ ಕಟ್ಟಿಕೊಳ್ಳುತ್ತದೆ. ತಂಡ ನಿಲ್ಲುವುದಾದರೆ ತಿರುವಿನಲ್ಲಿ ಅಲ್ಲದ, ಬೈಕುಗಳೆಲ್ಲ ರಸ್ತೆಯಿಂದ ಕೆಳಗಿಳಿಯಬಹುದಾದ ಜಾಗದಲ್ಲಿ ಮಾತ್ರ ನಿಲ್ಲಬೇಕು. ಪಾಚಿ ಕಟ್ಟಿದ ಬಂಡೆ ಹತ್ತಲು ಯಾರನ್ನೂ ಬಿಡಬೇಡಿ.

ಯಾರಾದರೂ ಬಿದ್ದರೆ

ಮೊದಲು ಹಿಂದಿನಿಂದ ಬರುವ ವಾಹನಗಳನ್ನು ತಡೆಯಬೇಕು, ಆಮೇಲೆ ಬಿದ್ದವರ ಬಳಿ ಹೋಗಬೇಕು. ಈ ಕ್ರಮ ಕಠಿಣವೆನಿಸಿದರೂ ಎರಡನೆಯ ಅಪಘಾತವನ್ನು ತಪ್ಪಿಸುವುದು ಇದೇ. ಇಬ್ಬರು ಸವಾರರು ಎರಡೂ ದಿಕ್ಕಿಗೆ ನೂರು ಮೀಟರ್ ನಡೆದುಹೋಗಿ, ತಿರುವಿದ್ದರೆ ತಿರುವಿನ ಆಚೆಗೆ ಹೋಗಿ, ವಾಹನಗಳನ್ನು ನಿಧಾನ ಮಾಡಿಸಲಿ. ಒಬ್ಬರು ಬಿದ್ದ ಬೈಕಿನ ಕೀ ಆರಿಸಲಿ. ಕೊನೆಯ ಸವಾರ ಗಾಯಾಳುವನ್ನು ನೋಡಲಿ. ಉಳಿದವರೆಲ್ಲ ರಸ್ತೆಯಿಂದ ಇಳಿದು ನಿಲ್ಲಲಿ.

ಗಾಯಾಳುವನ್ನು ಎಬ್ಬಿಸಿ ಕೂರಿಸಬಾರದು, ನೀರು ಕುಡಿಸಬಾರದು. ಉಸಿರಾಟ ಸರಿಯಿದ್ದರೆ ಹೆಲ್ಮೆಟ್ ತೆಗೆಯಬೇಡಿ, ವೈಸರ್ ಮಾತ್ರ ಎತ್ತಿ ಮಾತನಾಡಿಸಿ. ಉಸಿರು ನಿಂತಿದ್ದರೆ ಅಥವಾ ವಾಂತಿಯಾಗುತ್ತಿದ್ದರೆ ಇಬ್ಬರು ಸೇರಿ, ಒಬ್ಬರು ಕತ್ತು ಮತ್ತು ದವಡೆಯನ್ನು ಅಲುಗದಂತೆ ಹಿಡಿದು, ಇನ್ನೊಬ್ಬರು ಪಟ್ಟಿ ಬಿಚ್ಚಿ ನಿಧಾನಕ್ಕೆ ಹೊರತೆಗೆಯಬೇಕು. ಆಂಬುಲೆನ್ಸಿಗೆ 108, ಪೊಲೀಸ್ ಮತ್ತು ಯಾವುದೇ ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033. ಕಿಲೋಮೀಟರ್ ಕಲ್ಲಿನ ಮೇಲಿನ ಸಂಖ್ಯೆ ಓದಿ ಹೇಳಿದರೆ ಅವರು ಬೇಗ ಬಂದು ತಲುಪುತ್ತಾರೆ. ಸಿಗ್ನಲ್ ಇಲ್ಲದ ಘಾಟಿಯಲ್ಲಾದರೆ ಒಬ್ಬರನ್ನು ಹತ್ತಿರದ ಊರಿಗೆ ಕಳಿಸಿ, ಜೊತೆಗೆ ಹಾದುಹೋಗುವ ಬಸ್ಸಿನ ಕಂಡಕ್ಟರಿಗೂ ಹೇಳಿ.

ನಮ್ಮ ತಂಡದವರಲ್ಲದ ಗಾಯಾಳು ದಾರಿಯಲ್ಲಿ ಸಿಕ್ಕರೂ ನಿಲ್ಲಬೇಕು. ಪೊಲೀಸರ ತಂಟೆ ಎಂಬ ಭಯ ಈಗ ಬೇಡ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ, ಅವರ ಹೆಸರು, ವಿಳಾಸ ಕೊಡುವಂತೆ ಯಾರೂ ಬಲವಂತ ಮಾಡುವಂತಿಲ್ಲ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಆಸ್ಪತ್ರೆಗೆ ಹೋದವರು ಇದನ್ನು ಕೇಳಿ ಪಡೆಯಬೇಕು.

ಅಪಘಾತದ ನಂತರ ಉಳಿದವರನ್ನು ಹಾಗೆಯೇ ಮುಂದೆ ಕರೆದೊಯ್ಯಬೇಡಿ. ಕೈ ನಡುಗುತ್ತಿರುವವರು ಇರುತ್ತಾರೆ. ಒಂದು ಗಂಟೆ ಎಲ್ಲಾದರೂ ಕುಳಿತು, ಆಮೇಲೆ ಆ ದಿನದ ಸವಾರಿ ಅಲ್ಲಿಗೇ ಸಾಕೇ ಎಂದು ಎಲ್ಲರನ್ನೂ ಕೇಳಿ ತೀರ್ಮಾನಿಸಿ.

ತಲುಪಿದ ಮೇಲೆ

ಉಜಿರೆ ಮುಟ್ಟಿದ ಮೇಲೆ ಎಣಿಸಿ. ಮರಳಿ ಬರುವ ದಿನ ಬೆಂಗಳೂರಿನ ಹೊಸ್ತಿಲಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಬಡಾವಣೆಯ ಕಡೆ ಚದುರಿಹೋಗುವುದರಿಂದ, ತಂಡವನ್ನು ಔಪಚಾರಿಕವಾಗಿ ಮುಗಿಸುವ ಜಾಗವೊಂದನ್ನು ನೆಲಮಂಗಲಕ್ಕೆ ಮುಂಚೆಯೇ ಗೊತ್ತುಮಾಡಿ, ಅಲ್ಲಿ ನಿಂತು ಬೀಳ್ಕೊಡಿ. ಮನೆ ತಲುಪಿದವರು ಗುಂಪಿಗೆ ಒಂದು ಸಂದೇಶ ಹಾಕಬೇಕು. ಕೊನೆಯ ಹೆಸರು ಬರುವವರೆಗೆ ಮುಂದಾಳು ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡಿರಬೇಕು, ಬಾರದಿದ್ದರೆ ತಾನೇ ಕರೆ ಮಾಡಬೇಕು. ಮರುದಿನ ಕೊನೆಯ ಸವಾರನೊಡನೆ ಹತ್ತು ನಿಮಿಷ ಮಾತನಾಡಿ, ಯಾರು ಎಲ್ಲಿ ಹಿಂದೆ ಬಿದ್ದರು, ಯಾವ ಕವಲಿನಲ್ಲಿ ನಿಂತವರು ಕಾಣಲಿಲ್ಲ, ರಸ್ತೆಯ ಯಾವ ಹಂಪ್‌ಗೆ ಬಣ್ಣವಿರಲಿಲ್ಲ ಎಂಬುದನ್ನೆಲ್ಲ ಕೇಳಿ ಬರೆದುಕೊಳ್ಳಿ. ಮುಂದಿನವನಿಗೆ ಕಾಣದ ಸವಾರಿಯನ್ನು ದಿನವಿಡೀ ನೋಡಿದವರು ಅವರೊಬ್ಬರೇ.